ಮುಖಪುಟ ಹರಿದ ಪುಸ್ತಕಗಳು

ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವವರಿಗೆ ಕಾಲಕ್ರಮದಲ್ಲಿ ಒಂದು ವಿಚಿತ್ರವಾದ ಅಭ್ಯಾಸ ಬಂದುಬಿಡುತ್ತದೆ. ಕಣ್ಣಿಗೆ ಕಾಣದ ಪುಸ್ತಕಗಳನ್ನು ಕುರಿತು ಗಂಟೆಗಟ್ಟಲೆ ಮಾತನಾಡುವುದೇ ಆ ಅಭ್ಯಾಸ. ಒಂದನೆಯ ಗುಣವರ್ಮನ ‘ಶೂದ್ರಕ’ವನ್ನು ಇಡಿಯಾಗಿ ಓದಿದವರು ಈಗ ಯಾರೂ ಇಲ್ಲ. ಹಿಂದಿನವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಕೆಲವು ಪದ್ಯಗಳಷ್ಟೇ ನಮಗೆ ಉಳಿದಿರುವುದು. ಆದರೂ ನಾನು ಪ್ರತಿ ವರ್ಷವೂ ತರಗತಿಯಲ್ಲಿ ನಿಂತು, ಸಾವಿರದ ನೂರು ವರ್ಷಗಳ ಹಿಂದೆ ಅಂಥದೊಂದು ಕಾವ್ಯವಿತ್ತು ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹುಡುಗರು ನಿಸ್ಸಂಕೋಚವಾಗಿ ಬರೆದುಕೊಳ್ಳುತ್ತಾರೆ.

ಹೀಗೆ ಸಾವಿರ ವರ್ಷದ ಹಿಂದಿನ ಪುಸ್ತಕವನ್ನು ಕಾಣದೆಯೇ ನಂಬುವ ನಾನು, ಅರವತ್ತು ವರ್ಷದ ಹಿಂದಿನ ಪುಸ್ತಕವೊಂದನ್ನು, ಅದನ್ನು ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ್ದವರ ಎದುರಿಗೇ, ಇಲ್ಲವೇ ಇಲ್ಲವೆಂದು ಅಲ್ಲಗಳೆದೆ. ಆ ಪುಸ್ತಕ ಕಾವ್ಯವಲ್ಲ, ಶಾಸ್ತ್ರವೂ ಅಲ್ಲ, ಮಕ್ಕಳ ಚಿತ್ರಕಥೆ. ಅದರ ಚರಿತ್ರೆಯನ್ನು ಹೇಳುವುದರ ಜತೆಗೆ ನನ್ನ ತಪ್ಪನ್ನು ಒಪ್ಪಿಕೊಳ್ಳುವುದೂ ಈ ಬರಹದ ಉದ್ದೇಶ.

ನಾನು ಬೆಳೆದದ್ದು ಬನಶಂಕರಿ ಎರಡನೆಯ ಹಂತದಲ್ಲಿ, 1980ರ ದಶಕದಲ್ಲಿ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು. ಅಂಗಡಿಯೆಂದರೆ ಯಾರದೋ ಮನೆಯ ಮುಂದಿನ ಕೊಠಡಿ, ಎರಡು ಕಪಾಟು, ಒಂದು ಸ್ಟೂಲು. ಚಿತ್ರಕಥೆಗೆ ದಿನಕ್ಕೆ ನಾಲ್ಕಾಣೆ ಬಾಡಿಗೆ; ದೊಡ್ಡವರ ಕಾದಂಬರಿಗೆ ಎಂಟಾಣೆ. ನೂರು ಕೈಗಳಲ್ಲಿ ಓಡಾಡುವ ಪುಸ್ತಕ ಬಾಳಿಕೆ ಬರಲೆಂದು ಅಂಗಡಿಯ ಯಜಮಾನರು ಅದಕ್ಕೆ ದಬ್ಬಣದಿಂದ ತೂತು ಮಾಡಿ, ಟ್ವೈನ್ ದಾರದಲ್ಲಿ ಹೊಲಿದು, ಮೇಲೆ ಕಂದು ಕಾಗದ ಅಂಟಿಸಿ, ಶಾಯಿಯಲ್ಲಿ ಒಂದು ಅಂಕಿ ಬರೆಯುತ್ತಿದ್ದರು. ಆ ವೇಳೆಗೆ ಮುಖಪುಟ ಹರಿದುಹೋಗಿರುತ್ತಿತ್ತು. ಅನೇಕ ವೇಳೆ ಕೊನೆಯ ಪುಟವೂ. ಹೀಗಾಗಿ ಪುಸ್ತಕದ ಹೆಸರೇನು, ಬರೆದವರು ಯಾರು ಎಂಬ ವಿಚಾರ ನಮಗೆ ತಿಳಿಯುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ‘ಮೊಸಳೆ ಫ್ಯಾಂಟಮ್’, ‘ಹಿಮದ ಮಾಂಡ್ರೇಕ್’ ಎಂದು ನಾವೇ ಇಟ್ಟ ಹೆಸರುಗಳಲ್ಲಿ ವ್ಯವಹಾರ ನಡೆಯುತ್ತಿತ್ತು.

ಆ ಹುಡುಗರೆಲ್ಲ ಈಗ ನಡುವಯಸ್ಸಿನವರು. ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಎರಡು ಚಿಂತೆಗಳು ಹತ್ತುತ್ತವೆಂದು ತೋರುತ್ತದೆ: ಒಂದು ಸಕ್ಕರೆ ಕಾಯಿಲೆಯದು, ಇನ್ನೊಂದು ಬಾಲ್ಯದಲ್ಲಿ ಓದಿದ ಪುಸ್ತಕದ್ದು. ನಾನು ಕನ್ನಡ ಮೇಷ್ಟರೆಂಬ ಒಂದೇ ಕಾರಣಕ್ಕೆ ಮಿತ್ರರು ಎರಡನೆಯದನ್ನು ನನ್ನ ಬಳಿಗೆ ತರುತ್ತಾರೆ. “ಒಂದು ಕಥೆ ಇತ್ತು ಕಣಯ್ಯ, ಹೆಸರು ನೆನಪಿಲ್ಲ” ಎಂದೇ ಅವರ ಮಾತಿನ ಆರಂಭ.

ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ನಮ್ಮ ಗ್ರಂಥಸಂಪಾದನೆಯ ವಿಧಾನವೇ ಒದಗಿಬರುತ್ತದೆ. ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಓಲೆಗರಿಯ ಮೇಲೆ ನಡೆಸಿದ ಕೆಲಸವನ್ನು ನಾವು ಹುಡುಗರ ನೆನಪಿನ ಮೇಲೆ ನಡೆಸಬೇಕು, ಅಷ್ಟೆ. ಕನ್ನಡಕ ಹಾಕಿ, ಪೈಪು ಕಚ್ಚಿಕೊಂಡ, ಸೌಮ್ಯ ಸ್ವಭಾವದ ಪತ್ತೇದಾರ, ಜತೆಗೊಬ್ಬ ಬಕ್ಕತಲೆಯ ಸೇವಕ ಎಂದರೆ ರಿಪ್ ಕರ್ಬಿ. ಅಲೆಕ್ಸ್ ರೇಮಂಡ್ ಎಂಬ ಅಮೆರಿಕದ ಚಿತ್ರಕಾರ 1946ರಲ್ಲಿ ಆರಂಭಿಸಿದ ಕಥಾಮಾಲೆ. ಮುಖವಾಡದ ವೀರನ ಕಾಡಿಗೆ ‘ಡೆಂಕಾಲಿ’ ಎಂಬ ಹೆಸರಿತ್ತೆಂದು ಯಾರಾದರೂ ನೆನೆದರೆ, ಆ ಒಂದು ಮಾತೇ ಇಂದ್ರಜಾಲ ಕಾಮಿಕ್ಸ್ ಕಡೆಗೆ ಕೈತೋರುತ್ತದೆ. ಲೀ ಫಾಕ್ ಮೂಲದಲ್ಲಿ ಆ ದೇಶಕ್ಕೆ ಕೊಟ್ಟಿದ್ದ ಹೆಸರು ‘ಬೆಂಗಾಲಿ’. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು 1964ರ ಮಾರ್ಚಿಯಲ್ಲಿ ಇಂದ್ರಜಾಲವನ್ನು ಹೊರಡಿಸಿದಾಗ, ನಮ್ಮ ಬಂಗಾಳದೊಡನೆ ಗೊಂದಲವಾಗದಂತೆ ಅದು ಡೆಂಕಾಲಿಯಾಯಿತು. ‘ಸಿಂಗ್’ ಕಡಲ್ಗಳ್ಳರು ‘ಸಿಂಗ’ರಾದರು. ಬಾಲಮಂಗಳದ ಡಿಂಗನನ್ನು ನೆನೆಯುವವರು ನನ್ನ ಓರಗೆಯವರು, ಇಲ್ಲವೆ ನನಗಿಂತ ಕಿರಿಯರು. ಆ ಇಲಿಮರಿ ಮಲಯಾಳದಲ್ಲಿ ಹುಟ್ಟಿದ್ದೇ 1983ರಲ್ಲಿ.

ಕೆಲವೊಮ್ಮೆ ನೆನಪು ಮೋಸ ಮಾಡುವುದೂ ಉಂಟು. ನಿವೃತ್ತರಾದ ನನ್ನ ಸಹೋದ್ಯೋಗಿಯೊಬ್ಬರು ತಾವು 1970ರಲ್ಲಿ, ಹೈಸ್ಕೂಲಿನಲ್ಲಿದ್ದಾಗ, ಕಾವಿ ಜುಬ್ಬ ತೊಟ್ಟು ಡಕಾಯಿತರನ್ನು ಹಿಡಿಯುವ ಬಹಾದ್ದೂರನ ಕಥೆ ಓದಿದುದಾಗಿ ಪ್ರಮಾಣ ಮಾಡಿ ಹೇಳಿದರು. ಆಬಿದ್ ಸೂರ್ತಿಯವರು ಸೃಷ್ಟಿಸಿದ ಬಹಾದ್ದೂರ್ ಇಂದ್ರಜಾಲದಲ್ಲಿ ಕಾಣಿಸಿಕೊಂಡದ್ದು 1976ರಲ್ಲಿ. ಆಗ ನನ್ನ ಸಹೋದ್ಯೋಗಿಗೆ ಕೆಲಸ ಸಿಕ್ಕಿತ್ತು. ತಮ್ಮನಿಗೆಂದು ತಂದ ಪುಸ್ತಕವನ್ನು ತಾವೇ ಕದ್ದು ಓದಿದ್ದಿರಬೇಕು. ಮನಸ್ಸು ಸಂಕೋಚಪಟ್ಟು ಅದನ್ನು ಹೈಸ್ಕೂಲಿಗೆ ತಳ್ಳಿತ್ತು.

ಇಂಥ ಒಂದೆರಡು ಗೆಲುವುಗಳಿಂದ ನನಗೆ ಸ್ವಲ್ಪ ಅಹಂಕಾರ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲೇ ಜೆ.ಪಿ. ನಗರದಲ್ಲಿರುವ ನನ್ನ ಸೋದರತ್ತೆ ತಮ್ಮ ಪುಸ್ತಕದ ವಿಚಾರ ಎತ್ತಿದರು.

ಅತ್ತೆ ಹುಟ್ಟಿ ಬೆಳೆದದ್ದು ಜಯನಗರದಲ್ಲಿ. 1948ರಲ್ಲಿ ಅಡಿಗಲ್ಲು ಬಿದ್ದ ಆ ಬಡಾವಣೆ, ಅವರು ಎಂಟು ವರ್ಷದವರಾಗಿದ್ದಾಗ ಇನ್ನೂ ಹೊಸದು. ಅವರ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚಾಗಿದ್ದುವಂತೆ. ಮನೆಯಲ್ಲಿ ಐವರು ಮಕ್ಕಳು. ನಮ್ಮ ತಾತನವರದು ಗುಮಾಸ್ತೆ ಕೆಲಸ. ಬಟ್ಟೆ, ಪುಸ್ತಕ, ಕೊಡೆ ಎಲ್ಲವೂ ಹಿರಿಯರಿಂದ ಕಿರಿಯರಿಗೆ ಇಳಿದು ಬರುವಂಥವು. ಕೊನೆಯವರಾದ ಅತ್ತೆಗೆ ಹೊಸದೆಂಬುದು ಯಾವುದೂ ಇಲ್ಲ. ಹೀಗಿರಲಾಗಿ ಒಂದು ಸಂಜೆ ತಾತ ಗಾಂಧಿನಗರದ ಕಡೆಯಿಂದ ಬರುವಾಗ ಕೈಯಲ್ಲಿ ಬಣ್ಣದ ಪುಸ್ತಕವೊಂದನ್ನು ಹಿಡಿದು ಬಂದು, “ಇದು ನಿನಗೆ” ಎಂದು ಅವರೊಬ್ಬರಿಗೇ ಕೊಟ್ಟರಂತೆ. ಪುಟ ಪುಟಕ್ಕೂ ಚಿತ್ರ, ಚಿತ್ರದ ಜನರ ಬಾಯಲ್ಲಿ ಕನ್ನಡ ಮಾತು. ಒಬ್ಬ ಹುಡುಗ ಬಿತ್ತಿದ ಅವರೆ ಬಳ್ಳಿ ಮುಗಿಲಿಗೆ ಏರಿಬಿಡುತ್ತದೆ. ಪಕ್ಕದ ಮನೆಯವರ ಬಳಿ ಅದೇ ಬಗೆಯ ಇನ್ನೊಂದಿತ್ತು. ಅದರಲ್ಲಿ ಕೆಂಪು ಕುಲಾವಿಯ ಹುಡುಗಿ, ಅಜ್ಜಿಯ ಹಾಸಿಗೆಯಲ್ಲಿ ಮಲಗಿದ ತೋಳ. ಎರಡರ ಮೇಲೂ ‘ಅಮರ ಚಿತ್ರ ಕಥೆ’ ಎಂದು ಬರೆದಿತ್ತು.

ಆ ಪುಸ್ತಕ ಯಾವಾಗ ಕಳೆಯಿತೋ ತಿಳಿಯದು. ಆದರೆ ಅದನ್ನು ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಮ್ಮ ತಂದೆಯೂ ಸೇರಿ ಅಣ್ಣಂದಿರೆಲ್ಲ, ಅದು ಶಾಲೆಯ ಇಂಗ್ಲಿಷ್ ಪುಸ್ತಕ, ತಂಗಿ ಕನಸು ಕಂಡಿದ್ದಾಳೆ ಎಂದು ನಗುತ್ತಿದ್ದರು.

“ನೀನು ಹೇಳಪ್ಪ, ಓದಿದವನು” ಎಂದು ಅತ್ತೆ ಕೇಳಿದರು.

ನಾನು ನ್ಯಾಯಾಧೀಶನಂತೆ ಕುಳಿತು ತೀರ್ಪು ಕೊಟ್ಟೆ. ಅಮರ ಚಿತ್ರ ಕಥೆಯಲ್ಲಿ ಬರುವುದು ನಮ್ಮ ಪುರಾಣ, ನಮ್ಮ ಇತಿಹಾಸ. ಅದರ ಮೊದಲ ಪುಸ್ತಕ ‘ಕೃಷ್ಣ’. ಇಂಗ್ಲಿಷಿನಲ್ಲಿ, ಮುಂಬಯಿಯಲ್ಲಿ, 1970ರ ಸುಮಾರಿಗೆ ಬಂದದ್ದು. 1965ರಲ್ಲಿ ಕನ್ನಡದಲ್ಲಿ, ಅದೂ ತೋಳ ಮತ್ತು ಕೆಂಪು ಕುಲಾವಿಯ ಕಥೆ, ಸಾಧ್ಯವೇ ಇಲ್ಲ. “ನೀವು ಎರಡು ಬೇರೆ ಬೇರೆ ಪುಸ್ತಕಗಳನ್ನು ಸೇರಿಸಿಕೊಂಡಿದ್ದೀರಿ, ಅತ್ತೆ” ಎಂದೆ.

“ಇರಬಹುದು, ಮಗು” ಎಂದು ಅವರು ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಇದಾದ ವರ್ಷದೊಳಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ‘ಕೃಷ್ಣ’ದ ಹಳೆಯ ಪ್ರತಿಯೊಂದು ನನ್ನ ಕಣ್ಣಿಗೆ ಬಿತ್ತು. ಅನಂತ ಪೈ ಅವರ ಕಥೆ, ರಾಮ್ ವಾಯೀರ್ಕರ್ ಅವರ ಚಿತ್ರ. ಹಿಂದೆಯೂ ನೋಡಿದ್ದ ಪುಸ್ತಕವೇ. ಆದರೆ ಅದರ ಕ್ರಮಸಂಖ್ಯೆಯನ್ನು ನಾನು ಎಂದೂ ಗಮನಿಸಿರಲಿಲ್ಲ. ಸಂಖ್ಯೆ 11. ಮೊದಲ ಪುಸ್ತಕಕ್ಕೆ ಹನ್ನೊಂದೆಂಬ ಸಂಖ್ಯೆ ಏಕೆ? ‘ಶಾಕುಂತಲಾ’ 12, ‘ಪಾಂಡವ ಪ್ರಿನ್ಸಸ್’ 13, ‘ಸಾವಿತ್ರಿ’ 14. ಹಾಗಾದರೆ ಮೊದಲಿನ ಹತ್ತು ಎಲ್ಲಿ ಹೋದುವು? ಓಲೆಗರಿಯ ಕಟ್ಟೊಂದು ಹನ್ನೊಂದನೆಯ ಗರಿಯಿಂದ ಆರಂಭವಾದರೆ, ಮೊದಲ ಹತ್ತು ಗರಿಗಳು ಇರಲೇ ಇಲ್ಲವೆಂದು ಯಾವ ಸಂಪಾದಕನೂ ಹೇಳಲಾರ. ನಾನು ಹೇಳಿದ್ದೆ.

ಹುಡುಕುತ್ತ ಹೋದಂತೆ ಸಂಗತಿ ಸ್ಪಷ್ಟವಾಯಿತು. ಇಂಡಿಯಾ ಬುಕ್ ಹೌಸ್ ಎಂಬ ಮುಂಬಯಿಯ ಸಂಸ್ಥೆಗೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವರು ಜಿ.ಕೆ. ಅನಂತರಾಮ್. ಕನ್ನಡದಲ್ಲಿ ಚಿತ್ರಕಥೆಗಳನ್ನು ತರಬೇಕೆಂಬ ಸಲಹೆ ಇವರದು. ಅದಕ್ಕೆ ಹಣ ಹಾಕಿದವರು ಸಂಸ್ಥೆಯ ಮೀರ್‌ಚಂದಾನಿ. 1965ರಲ್ಲಿ ‘ಅಮರ ಚಿತ್ರ ಕಥೆ’ ಮೊದಲು ಹೊರಬಂದದ್ದು ಕನ್ನಡದಲ್ಲಿ. ಅದು ಚೆನ್ನಾಗಿ ಮಾರಾಟವಾದುದನ್ನು ಕಂಡೇ ಮುಂಬಯಿಯ ಕಚೇರಿಯವರು ಅನಂತ ಪೈ ಅವರ ಮೂಲಕ ಇಂಗ್ಲಿಷ್ ಮಾಲೆಗೆ ಕೈಹಾಕಿದರೆಂಬುದು ಅನಂತರಾಮ್ ಅವರ ಹೇಳಿಕೆಯ ಸಾರ.

ಮಾಲೆಯ ಪಟ್ಟಿಯಲ್ಲಿ ಆ ಹತ್ತು ಹೆಸರುಗಳಿವೆ: ಜ್ಯಾಕ್ ಮತ್ತು ಅವರೆ ಬಳ್ಳಿ, ಸಿಂಡರೆಲ್ಲಾ, ಕೆಂಪು ಕುಲಾವಿಯ ಹುಡುಗಿ, ಅಲ್ಲಾದೀನನ ದೀಪ, ಮಾಯೆಯ ಬುಗ್ಗೆ, ಮೂರು ಹಂದಿಮರಿಗಳು, ನಿದ್ರಿಸುವ ಸುಂದರಿ, ಆಜ್ ಎಂಬ ನಾಡಿನ ಮಾಂತ್ರಿಕ, ಪಿನೋಕಿಯೋ, ಹಿಮಸುಂದರಿ ಮತ್ತು ಏಳು ಕುಳ್ಳರು. ಅಮೆರಿಕದಲ್ಲಿ 1953ರಿಂದ ಬರುತ್ತಿದ್ದ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್’ ಎಂಬ ಮಕ್ಕಳ ಮಾಲೆಯ ಹೆಸರುಗಳೊಡನೆ ಇವು ತಾಳೆಯಾಗುತ್ತವೆ. ಸಂಖ್ಯೆ 1, ಅವರೆ ಬಳ್ಳಿ. ಸಂಖ್ಯೆ 3, ಕೆಂಪು ಕುಲಾವಿ. ಅತ್ತೆ ಎರಡು ಪುಸ್ತಕಗಳನ್ನು ಸೇರಿಸಿಕೊಂಡಿರಲಿಲ್ಲ. ಎರಡನ್ನೂ ಸರಿಯಾಗಿ, ಬೇರೆ ಬೇರೆಯಾಗಿಯೇ ನೆನಪಿಟ್ಟಿದ್ದರು.

ಈ ಮಾಲೆಯ ಹುಟ್ಟನ್ನು ಕುರಿತು ಎಲ್ಲರಿಗೂ ತಿಳಿದಿರುವ ಕಥೆ ಇನ್ನೊಂದು. 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ವಿಷಯಕ್ಕೆ ಥಟ್ಟನೆ ಉತ್ತರ ಹೇಳಿದ ಹುಡುಗರಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅದನ್ನು ಕಂಡ ಅನಂತ ಪೈ ಅವರು ಮನನೊಂದು ನಮ್ಮ ಕಥೆಗಳನ್ನು ಚಿತ್ರಗಳಲ್ಲಿ ಹೇಳಲು ಸಂಕಲ್ಪ ಮಾಡಿದರು. ಇದೂ ಸುಳ್ಳಲ್ಲ. ಅವರು ಆ ಮೊದಲು ಇಂದ್ರಜಾಲದಲ್ಲಿ ದುಡಿದು ಅನುಭವ ಪಡೆದಿದ್ದವರು. ಮಾಲೆಗೆ ರಾಮ, ಕೃಷ್ಣ, ಹನುಮಂತರನ್ನು ತಂದವರು. ಮುಂದೆ ಅದನ್ನು ನಾನೂರಕ್ಕೂ ಮಿಕ್ಕು ಶೀರ್ಷಿಕೆಗಳಿಗೆ ಬೆಳೆಸಿದವರು. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿ, 2011ರಲ್ಲಿ ಮುಂಬಯಿಯಲ್ಲಿ ತೀರಿಕೊಂಡ ಆ ಹಿರಿಯರ ಕೀರ್ತಿಗೆ ಇದರಿಂದ ಕುಂದೇನೂ ಇಲ್ಲ. ಆದರೆ ದೆಹಲಿಯ ಕಥೆ ಎಲ್ಲರ ಬಾಯಲ್ಲಿ ಉಳಿದು, ಬೆಂಗಳೂರಿನ ಕಥೆ ಮರೆತುಹೋಯಿತು. ಸ್ವದೇಶದ ಕಥೆಗಳಿಗೇ ಹೆಸರಾದ ಮಾಲೆಗೆ ಪರದೇಶದ ಕಥೆಗಳ ಆ ಬಾಲ್ಯ ಅಷ್ಟಾಗಿ ಹೊಂದಲಿಲ್ಲವೇನೋ. ಹನ್ನೊಂದೆಂಬ ಆ ಅಂಕಿ ಮಾತ್ರ, ಹಳೆಯ ಗಾಯದ ಕಲೆಯಂತೆ, ಉಳಿದುಕೊಂಡಿತು.

ಗ್ರಂಥಗಳ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದ ಕಡೆಗಳಿಗೆ ಒಪ್ಪಿಸಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1954ರಲ್ಲೇ ಬಂದಿದೆ. ಆದರೂ ನಾನು ಮೆಟ್ಟಿಲು ಹತ್ತಿದ ಎರಡು ಮೂರು ಗ್ರಂಥಾಲಯಗಳಲ್ಲಿ ಆ ಹತ್ತರಲ್ಲಿ ಒಂದೂ ಸಿಗಲಿಲ್ಲ. ಗ್ರಂಥಪಾಲಕರೊಬ್ಬರು, “ಅದು ಪುಸ್ತಕವಲ್ಲವಲ್ಲ ಸಾರ್” ಎಂದರು. ಅವರನ್ನು ದೂರಿ ಫಲವಿಲ್ಲ. ನಾವೆಲ್ಲರೂ ಹಾಗೆಯೇ ಎಣಿಸಿದವರು. ಮಕ್ಕಳ ಪುಸ್ತಕದ ಹಣೆಬರಹವೇ ಹಾಗೆ. ದೊಡ್ಡವರು ಮೆಚ್ಚಿದ ಪುಸ್ತಕ ಗಾಜಿನ ಬೀರು ಸೇರಿ ಉಳಿಯುತ್ತದೆ. ಮಕ್ಕಳು ಮೆಚ್ಚಿದ್ದು ಓದಿ ಓದಿ ಹರಿದು, ಕಡೆಗೆ ತೂಕಕ್ಕೆ ಹೋಗಿ ಕಡಲೆಕಾಯಿಯ ಪೊಟ್ಟಣವಾಗುತ್ತದೆ. ಅದಕ್ಕೆ ಉಳಿದಿರುವ ಭಂಡಾರ ಎಂಟು ವರ್ಷದ ಮಗುವಾಗಿದ್ದವರ ನೆನಪೊಂದೇ. ಆ ನೆನಪನ್ನು ಪರೀಕ್ಷೆ ಮಾಡಬೇಕು, ನಿಜ. ಬಹಾದ್ದೂರನ ವಿಷಯದಲ್ಲಿ ಮಾಡಿದಂತೆ. ಆದರೆ ಸಾಕ್ಷಿ ಹೇಳುವವರ ಮಾತಿಗೂ ನಮ್ಮ ತಿಳಿವಳಿಕೆಗೂ ಹೊಂದದಿದ್ದಾಗ, ಮೊದಲು ಅನುಮಾನಿಸಬೇಕಾದದ್ದು ಯಾವುದನ್ನು? ಈ ಪಾಠವನ್ನು ಇಪ್ಪತ್ತು ವರ್ಷ ಹೇಳಿಕೊಡುತ್ತ ಬಂದ ನಾನೇ ಕಲಿತಿರಲಿಲ್ಲ.

ಕಳೆದ ತಿಂಗಳು ಜೆ.ಪಿ. ನಗರಕ್ಕೆ ಹೋಗಿ ಎಲ್ಲವನ್ನೂ ಹೇಳಿದೆ. ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡು ಹೋಗಿದ್ದೆ. ಅತ್ತೆಗೆ ಈಚೆಗೆ ಕಣ್ಣು ಮಂಜು. ಅಮರ ಚಿತ್ರ ಕಥೆಯ ಮೂಲವಾಗಲಿ, ಬೆಂಗಳೂರಿಗೆ ಸಲ್ಲಬೇಕಾದ ಕೀರ್ತಿಯಾಗಲಿ ಅವರಿಗೆ ಮುಖ್ಯವೆಂದು ತೋರಲಿಲ್ಲ. ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಅಣ್ಣ ನನಗೆ ತಂದುಕೊಟ್ಟದ್ದು ನಿಜ ತಾನೆ?” ಎಂದರು. ನಮ್ಮ ಮನೆಯಲ್ಲಿ ಆ ತಲೆಮಾರಿನವರೆಲ್ಲ ತಂದೆಯನ್ನು ಅಣ್ಣ ಎಂದೇ ಕರೆಯುವುದು.

“ನಿಜ, ಅತ್ತೆ” ಎಂದೆ.

“ಪುಸ್ತಕ ಸಿಕ್ಕಿತೇನೋ?”

ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನ ತಳದಲ್ಲಿ, ಅಂಥದೊಂದು ಪುಸ್ತಕ ಉಳಿದಿದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ. ಅವರೆ ಬಳ್ಳಿಯೊಂದು ಮುಗಿಲಿಗೆ ಏರಿದ್ದರೆ ಸಾಕು. ಉಳಿದದ್ದನ್ನು ಅತ್ತೆ ಗುರುತಿಸುತ್ತಾರೆ.