ತುರುಬಿನ ಮೇಲೊಂದು ಹೆಲ್ಮೆಟ್

1875ರ ಸೆಪ್ಟೆಂಬರ್ ತಿಂಗಳು. ಆಸ್ಟ್ರಿಯಾದ ಮಹಾರಾಣಿ ಎಲಿಜಬೆತ್ ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಸಾಸೆತೊ ಎಂಬ ಊರಿನಲ್ಲಿ ಬಿಡಾರ ಹೂಡಿದ್ದಳು. ಕಡಲ ಸ್ನಾನ ಮತ್ತು ಕುದುರೆ ಸವಾರಿಗಾಗಿ ಬಂದಿದ್ದ ಮಹಾರಾಣಿಗೆ ಆಗ 37 ವರ್ಷ. ಯುರೋಪಿನ ಅತ್ಯುತ್ತಮ ಸವಾರಳೆಂಬ ಹೆಸರು ಆಕೆಗಿತ್ತು. ಒಂದು ದಿನ ಬೇಲಿ ಹಾರಿಸುವಾಗ ಕುದುರೆ ಎಡವಿತು. ಮಹಾರಾಣಿ ನೆಲಕ್ಕೆ ಬಿದ್ದು ಪ್ರಜ್ಞೆ ತಪ್ಪಿದಳು. ಮಿದುಳಿಗೆ ಪೆಟ್ಟಾಗಿ, ಚೇತರಿಸಿಕೊಳ್ಳಲು ದಿನಗಳೇ ಬೇಕಾದವು.

ಇದೇ ಎಲಿಜಬೆತ್ ಇನ್ನೊಂದು ಕಾರಣಕ್ಕೂ ಜಗತ್ಪ್ರಸಿದ್ಧೆ. ಅದು ಆಕೆಯ ಕೂದಲು! ಬಿಚ್ಚಿದರೆ ಮೊಣಕಾಲಿನಿಂದಲೂ ಕೆಳಗಿಳಿಯುತ್ತಿದ್ದ ಆ ಕೇಶರಾಶಿಯನ್ನು ಬಾಚಿ, ಹೆಣೆದು, ಕಿರೀಟದಂತೆ ಸುತ್ತಲು ದಿನಕ್ಕೆ ಎರಡು ಮೂರು ಗಂಟೆ ಹಿಡಿಯುತ್ತಿತ್ತು. ಅದಕ್ಕೆಂದೇ ಫ್ರಾನ್ಸಿಸ್ಕಾ ಫೈಫಾಲಿಕ್ ಎಂಬ ಕೇಶಾಲಂಕಾರಗಾರ್ತಿಯ ನೇಮಕವಾಗಿತ್ತು. ಕೂದಲಿನ ಭಾರಕ್ಕೆ ತಲೆನೋವು ಬರುತ್ತಿದ್ದುದೂ ಉಂಟು. ಚಿತ್ರಕಾರ ವಿಂಟರ್‌ಹಾಲ್ಟರ್ 1865ರಲ್ಲಿ ಬರೆದ ಭಾವಚಿತ್ರದಲ್ಲಿ ಆ ಜಡೆಯ ತುಂಬ ವಜ್ರದ ನಕ್ಷತ್ರಗಳು ಮಿನುಗುತ್ತವೆ.

ಅಷ್ಟುದ್ದದ ಕೂದಲು, ಓಡುವ ಕುದುರೆ, ನಡುವೆ ಒಂದು ತಲೆ. ಈ ಮೂರಕ್ಕೂ ಹೊಂದಾಣಿಕೆ ಆಗುವುದು ಹೇಗೆ? ಕುದುರೆ ಏರುವ ಹೆಣ್ಣುಮಕ್ಕಳು ಒಂದೂವರೆ ಶತಮಾನದಿಂದ ಉತ್ತರ ಹುಡುಕುತ್ತಿರುವ ಪ್ರಶ್ನೆ ಇದು. ಮೇಲ್ನೋಟಕ್ಕೆ ಅಲಂಕಾರದ ವಿಷಯ. ಒಳಹೊಕ್ಕು ನೋಡಿದರೆ ಪ್ರಾಣದ ವಿಷಯ.

ಟೋಪಿ ಇದ್ದದ್ದು ಮರ್ಯಾದೆಗೆ

ಎಲಿಜಬೆತ್ ಕಾಲದಲ್ಲಿ ಹೆಂಗಸರು ಕುದುರೆಯ ಎರಡೂ ಬದಿಗೆ ಕಾಲು ಇಳಿಬಿಟ್ಟು ಕೂರುವಂತಿರಲಿಲ್ಲ. ಎರಡು ಕಾಲನ್ನೂ ಒಂದೇ ಬದಿಗೆ ಹಾಕಿ ಕೂರಲು ಬೇರೆಯೇ ಬಗೆಯ ಜೀನು ಇತ್ತು. ಮೈಮೇಲೆ ಉದ್ದನೆಯ ಲಂಗ, ಬಿಗಿಯಾದ ಮೇಲಂಗಿ, ತಲೆಯ ಮೇಲೆ ಎತ್ತರದ ರೇಷ್ಮೆ ಟೋಪಿ. ಟೋಪಿಯ ಮುಂದೆ ತೆಳ್ಳನೆಯ ಜಾಲರಿ. ಕೂದಲನ್ನು ಹೆಕ್ಕತ್ತಿನ ಮೇಲೆ ತುರುಬು ಕಟ್ಟಿ, ಟೋಪಿಗೆ ಹೊಲಿದ ಎಲಾಸ್ಟಿಕ್ ದಾರವನ್ನು ಆ ತುರುಬಿನ ಕೆಳಗೆ ಸಿಕ್ಕಿಸುತ್ತಿದ್ದರು. ಅಂದರೆ ಟೋಪಿ ತಲೆಯ ಮೇಲೆ ನಿಲ್ಲುತ್ತಿದ್ದುದು ತುರುಬಿನ ಆಧಾರದಿಂದ. ಅದೂ ಸಾಲದಿದ್ದರೆ ಉದ್ದನೆಯ ಪಿನ್ನುಗಳಿದ್ದವು.

ಇಂಥ ಟೋಪಿಯಿಂದ ತಲೆಗೆ ಎಷ್ಟು ರಕ್ಷಣೆ? ಗಾಳಿಗೆ ಹಾರಿಹೋಗುತ್ತಿರಲಿಲ್ಲ, ಅಷ್ಟೇ. ಬಿದ್ದರೆ ಅದು ನಜ್ಜುಗುಜ್ಜಾಗುತ್ತಿತ್ತು, ಅದರ ಜೊತೆಗೆ ತಲೆಯೂ. ಆದರೆ ಕೂದಲು ಕೆದರದೆ ಮನೆಗೆ ಮರಳುವುದು ಸಭ್ಯ ಮನೆತನದ ಲಕ್ಷಣವಾಗಿತ್ತು. ಟೋಪಿ ಇದ್ದದ್ದು ಆ ಮರ್ಯಾದೆಗೆ.

ಅಪಾಯದ ಅರಿವು ಆ ಕಾಲಕ್ಕೆ ಇರಲಿಲ್ಲವೆಂದಲ್ಲ. ಬಿದ್ದ ಸವಾರಳ ಲಂಗ ಜೀನಿಗೆ ಸಿಕ್ಕಿಕೊಂಡು ಕುದುರೆ ಆಕೆಯನ್ನು ಎಳೆದುಕೊಂಡು ಓಡುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವ ‘ಸುರಕ್ಷಿತ ಲಂಗ’ಗಳನ್ನು ದರ್ಜಿಗಳು ಹೊಲಿಯತೊಡಗಿದರು. ಲಂಗದ ಸರದಿ ಮೊದಲು ಬಂತು. ತಲೆಯ ಸರದಿ ಬರಲು ಇನ್ನೂ ಬಹುಕಾಲ ಬೇಕಾಯಿತು.

ಕಾಲಲ್ಲಿ ತುಳಿದು ನೋಡಿದ ಟೋಪಿ

ಗಂಡಸರ ಟೋಪಿಯ ಕಥೆ ಸ್ವಲ್ಪ ಬೇರೆ. 1849ರಲ್ಲಿ ಲಂಡನ್ನಿನ ಲಾಕ್ ಎಂಬ ಟೋಪಿ ಅಂಗಡಿಗೆ ಎಡ್ವರ್ಡ್ ಕೋಕ್ ಎಂಬಾತ ಒಂದು ಬೇಡಿಕೆ ತಂದ. ತನ್ನ ಮನೆತನದ ಜಮೀನಿನ ಕಾವಲುಗಾರರು ಕುದುರೆಯ ಮೇಲೆ ಹೋಗುವಾಗ ಮರದ ತಗ್ಗು ಕೊಂಬೆಗಳಿಗೆ ತಲೆ ಬಡಿಸಿಕೊಳ್ಳುತ್ತಿದ್ದಾರೆ, ಎತ್ತರದ ಟೋಪಿಗಳು ಬಿದ್ದುಹೋಗುತ್ತಿವೆ, ಗಟ್ಟಿಯಾದ ಗಿಡ್ಡ ಟೋಪಿ ಬೇಕು ಎಂದ. ಅರಗಿನಿಂದ ಗಟ್ಟಿ ಮಾಡಿದ ಉಣ್ಣೆಯ ದುಂಡು ಟೋಪಿ ತಯಾರಾಯಿತು. ಕೋಕ್ ಅದನ್ನು ನೆಲದ ಮೇಲಿಟ್ಟು ಕಾಲಿನಿಂದ ಎರಡು ಸಲ ಬಲವಾಗಿ ತುಳಿದು, ಮುರಿಯದಿದ್ದುದನ್ನು ನೋಡಿ ಹಣ ಕೊಟ್ಟನಂತೆ! ಅದೇ ಮುಂದೆ ‘ಬೌಲರ್ ಹ್ಯಾಟ್’ ಎಂದು ಲೋಕವಿಖ್ಯಾತವಾಯಿತು. ಸವಾರಿಯ ಹೆಂಗಸರೂ ಅದನ್ನು ತೊಟ್ಟರು, ಅದೇ ತುರುಬಿನ ಮೇಲೆ.

ಮುಂದಿನ ಹೆಜ್ಜೆಗೆ ಒಂದು ಸಾವು ಕಾರಣವಾಯಿತು. 1923ರ ಗ್ರ್ಯಾಂಡ್ ನ್ಯಾಷನಲ್ ಓಟ ಗೆದ್ದ ಕ್ಯಾಪ್ಟನ್ ಬೆನೆಟ್ ಎಂಬ ಸವಾರ ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ಓಟದಲ್ಲಿ ಬಿದ್ದ. ಕುದುರೆಯ ಗೊರಸು ಆತನ ತಲೆಗೆ ಬಡಿಯಿತು. ಪ್ರಜ್ಞೆ ಮರಳದೆ 1924ರ ಜನವರಿಯಲ್ಲಿ ತೀರಿಕೊಂಡ. ಆ ಬಳಿಕ ಬ್ರಿಟನ್ನಿನಲ್ಲಿ ಬೇಲಿ ಹಾರುವ ಓಟಗಳ ಜಾಕಿಗಳಿಗೆ ಶಿರಸ್ತ್ರಾಣ ಕಡ್ಡಾಯವಾಯಿತು. 1941ರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರವೈದ್ಯ, ಯುದ್ಧಕಾಲದ ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, ಹೆಲ್ಮೆಟ್ ಜೀವ ಉಳಿಸುತ್ತದೆಂದು ತೋರಿಸಿಕೊಟ್ಟ. ಅರೇಬಿಯಾದ ಲಾರೆನ್ಸ್ ಎಂದೇ ಹೆಸರಾದ ಟಿ.ಇ. ಲಾರೆನ್ಸ್ 1935ರಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಸಾಯುವಾಗ ಚಿಕಿತ್ಸೆ ನೀಡಿದವರಲ್ಲಿ ಈ ಕೇರ್ನ್ಸ್ ಕೂಡ ಒಬ್ಬ.

ಕೂದಲು ತೊಡಕಾದದ್ದು ಯಾವಾಗ?

ಇಲ್ಲಿಯವರೆಗೆ ಕೂದಲಿಗೂ ಟೋಪಿಗೂ ಜಗಳವಿರಲಿಲ್ಲ. ಜಗಳ ತಂದದ್ದು ವಿಜ್ಞಾನ.

1953ರಲ್ಲಿ ಅಮೆರಿಕದ ಲೊಂಬಾರ್ಡ್ ಮತ್ತು ರಾತ್ ಎಂಬಿಬ್ಬರ ಹೊಸ ಬಗೆಯ ಹೆಲ್ಮೆಟ್ಟಿಗೆ ಪೇಟೆಂಟ್ ಸಿಕ್ಕಿತು. ಹೊರಗೆ ಗಟ್ಟಿ ಚಿಪ್ಪು, ಒಳಗೆ ತಾನೇ ಜಜ್ಜಿಹೋಗಿ ಪೆಟ್ಟನ್ನು ನುಂಗುವ ಪದರ. ಇಂದಿನ ಹೆಲ್ಮೆಟ್ಟುಗಳಲ್ಲಿ ಈ ಕೆಲಸ ಮಾಡುವುದು ಟೀವಿ ಪೆಟ್ಟಿಗೆಯೊಳಗೆ ತುಂಬಿ ಕಳಿಸುವ ಥರ್ಮಾಕೋಲಿನ ದಾಯಾದಿ. ತಲೆ ನೆಲಕ್ಕೆ ಬಡಿದಾಗ ಈ ಪದರ ಕುಸಿಯುತ್ತದೆ. ಒಮ್ಮೆಲೇ ನಿಲ್ಲಬೇಕಾದ ತಲೆ ಒಂದೆರಡು ಸೆಂಟಿಮೀಟರ್ ಚಲಿಸಿ ನಿಲ್ಲುತ್ತದೆ. ಬದುಕು ಸಾವಿನ ನಡುವಿನ ಅಂತರ ಎಷ್ಟೋ ಸಲ ಈ ಒಂದೆರಡು ಸೆಂಟಿಮೀಟರ್ ಮಾತ್ರ. ಒಮ್ಮೆ ಕುಸಿದ ಪದರ ಮತ್ತೆ ಉಬ್ಬುವುದಿಲ್ಲ. ಆದ್ದರಿಂದಲೇ ಒಂದು ಸಲ ಬಿದ್ದ ಹೆಲ್ಮೆಟ್ಟನ್ನು, ಹೊರಗೆ ಗೀರಿಲ್ಲದಿದ್ದರೂ, ಬದಲಿಸಬೇಕೆನ್ನುವುದು.

ಇಷ್ಟೆಲ್ಲ ನಡೆಯಬೇಕಾದರೆ ಒಂದು ಷರತ್ತಿದೆ. ಒಳಪದರ ತಲೆಯ ಸುತ್ತ ಒಂದೇ ಸಮನಾಗಿ ಕೂತಿರಬೇಕು, ಅಲುಗಾಡಬಾರದು. ನೆತ್ತಿಯ ಮೇಲೆ ತುರುಬಿದ್ದರೆ ಹೆಲ್ಮೆಟ್ ಅದರ ಮೇಲೆ ಗೋಪುರದಂತೆ ನಿಲ್ಲುತ್ತದೆ. ಹಣೆ ಬಯಲಾಗುತ್ತದೆ. ಕೂದಲು ಮೆತ್ತಗಿರುವುದರಿಂದ ಅದೂ ಒಂದು ಮೆತ್ತೆಯಲ್ಲವೇ ಎಂದು ಕೇಳಬಹುದು. ಅಲ್ಲ. ಕೈಯಲ್ಲಿ ಅದುಮಿದರೇ ಕುಗ್ಗುವ ಕೂದಲು ದೊಡ್ಡ ಪೆಟ್ಟನ್ನು ತಡೆಯದು. ಅದರಿಂದ ಆಗುವುದು ಜಾಗ ಸಡಿಲವಾಗುವುದು ಮಾತ್ರ. ಬೀಳುವ ಹೊತ್ತಿಗೆ ನುಣುಪಾದ ಕೂದಲ ಮೇಲೆ ಹೆಲ್ಮೆಟ್ ಜಾರಿದರೆ, ನೆಲ ಮುಟ್ಟುವಾಗ ಅದು ಇರಬೇಕಾದಲ್ಲಿ ಇರುವುದಿಲ್ಲ.

ಎರಡು ದೇಶ, ಎರಡು ಪದ್ಧತಿ

ಬ್ರಿಟನ್ ಮತ್ತು ಯುರೋಪಿನ ಸವಾರಳು ಸಾಮಾನ್ಯವಾಗಿ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಳು. ಕೂದಲನ್ನು ಹಿಂದಕ್ಕೆ ಬಾಚಿ, ಹೆಕ್ಕತ್ತಿನ ಮೇಲೆ ತುರುಬು ಕಟ್ಟಿ, ಬಲೆ ಹಾಕಿ, ಹೆಲ್ಮೆಟ್ಟಿನ ಹೊರಗೆ ಬಿಡುವುದು. ಮಹಾರಾಣಿಯರ ಕಾಲದ ಈ ತುರುಬು ಹೊಸ ಕಾಲದ ಹೆಲ್ಮೆಟ್ಟಿಗೂ ಹೊಂದಿಕೊಂಡದ್ದು ಅದೃಷ್ಟವೆನ್ನಬೇಕು.

ಅಮೆರಿಕದ ‘ಹಂಟರ್’ ಸ್ಪರ್ಧೆಗಳಲ್ಲಿ ಬೇರೆಯೇ ಸಂಪ್ರದಾಯ ಬೆಳೆಯಿತು. ಅಲ್ಲಿ ಕುದುರೆಯ ಜೊತೆ ಸವಾರಳ ಅಚ್ಚುಕಟ್ಟುತನಕ್ಕೂ ಕಣ್ಣಿರುತ್ತದೆ. ಕೂದಲನ್ನು ಕಿವಿಯ ಮೇಲಿಂದ ಇಳಿಸಿ, ಹಿಂದೆ ಕಟ್ಟಿ, ಮಡಚಿ ಮೇಲಕ್ಕೆತ್ತಿ, ಬಲೆ ಹಾಕಿ, ಪೂರ್ತಿಯಾಗಿ ಹೆಲ್ಮೆಟ್ಟಿನೊಳಗೆ ಅಡಗಿಸುವುದು ಅಲ್ಲಿನ ರೂಢಿ. ನೋಡುವವರಿಗೆ ಒಂದು ಎಳೆಯೂ ಕಾಣಬಾರದು. ಆ ಕಾಲದ ಮಖಮಲ್ಲಿನ ಟೋಪಿಗಳಲ್ಲಿ ಇದರಿಂದ ದೊಡ್ಡ ನಷ್ಟವೇನೂ ಆಗುತ್ತಿರಲಿಲ್ಲ. ಏಕೆಂದರೆ ಆ ಟೋಪಿಗಳಲ್ಲಿ ಎಷ್ಟೋ ರಕ್ಷಣೆಗೆಂದು ಮಾಡಿದವೇ ಅಲ್ಲ. ಇದು ಉಡುಪು ಮಾತ್ರ ಎಂದು ಒಳಗೆ ಚೀಟಿ ಅಂಟಿಸಿಯೇ ಮಾರುತ್ತಿದ್ದರು!

1980ರ ದಶಕದ ಕೊನೆಗೆ ಕುದುರೆ ಸವಾರರ ಹೆಲ್ಮೆಟ್ಟಿಗೆಂದೇ ಅಮೆರಿಕದಲ್ಲಿ ಮಾನದಂಡ ರೂಪುಗೊಂಡಿತು. ನಿಜವಾದ ಹೆಲ್ಮೆಟ್ ಬಂದಾಗ ಕೂದಲಿನ ಪ್ರಶ್ನೆಯೂ ನಿಜವಾಯಿತು. ದಪ್ಪ ಕೂದಲನ್ನು ಒಳಗೆ ತುರುಕಬೇಕಾದರೆ ಒಂದು ಅಳತೆ ದೊಡ್ಡ ಹೆಲ್ಮೆಟ್ ಬೇಕು. ಅದನ್ನೇ ಮರುದಿನ ಕೂದಲು ಇಳಿಬಿಟ್ಟು ತೊಟ್ಟರೆ ಬಾವಿಯೊಳಗಿನ ಬಿಂದಿಗೆಯಂತೆ ಓಲಾಡುತ್ತದೆ. ಸ್ಪರ್ಧೆಯ ದಿನ ಒಂದು ತಲೆ, ಅಭ್ಯಾಸದ ದಿನ ಇನ್ನೊಂದು ತಲೆ. ಹೆಲ್ಮೆಟ್ ಮಾತ್ರ ಒಂದೇ.

ರೇಷ್ಮೆ ಟೋಪಿಯ ವಿದಾಯ

ಎತ್ತರದ ಟೋಪಿ ಕೊನೆಯವರೆಗೂ ಉಳಿದದ್ದು ‘ಡ್ರೆಸಾಜ್’ ಎಂಬ ಸ್ಪರ್ಧೆಯಲ್ಲಿ. ಕುದುರೆಯನ್ನು ನಾಟ್ಯದಂತೆ ನಡೆಸುವ ಈ ಕಲೆಯಲ್ಲಿ ಹೆಂಗಸರು ಗಂಡಸರ ಸರಿಸಮಾನವಾಗಿ ಒಲಿಂಪಿಕ್ಸಿಗೆ ಇಳಿದದ್ದು 1952ರ ಹೆಲ್ಸಿಂಕಿಯಲ್ಲಿ. ಪೋಲಿಯೊದಿಂದ ಕಾಲಿನ ಶಕ್ತಿ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅಲ್ಲಿ ಬೆಳ್ಳಿ ಗೆದ್ದಳು. ಇಲ್ಲಿ ಬೇಲಿ ಹಾರುವುದಿಲ್ಲ, ನಾಗಾಲೋಟವಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು.

ಆ ನಂಬಿಕೆಗೆ ಪೆಟ್ಟು ಬಿದ್ದದ್ದು 2010ರ ಮಾರ್ಚಿನಲ್ಲಿ. 2008ರ ಒಲಿಂಪಿಕ್ಸಿನಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದ ಕೋರ್ಟ್ನಿ ಕಿಂಗ್ ಡೈ ಫ್ಲಾರಿಡಾದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಕುದುರೆ ತನ್ನ ಕಾಲಿಗೆ ತಾನೇ ತೊಡರಿ ಬಿತ್ತು. ಆಕೆಯ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ತಲೆಬುರುಡೆ ಬಿರಿದು ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ ಆಕೆ, ಎಚ್ಚೆತ್ತ ಮೇಲೆ ನಡೆಯುವುದನ್ನೂ ಮಾತನಾಡುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಎಲಿಜಬೆತ್ ಬಿದ್ದು 135 ವರ್ಷಗಳಾಗಿದ್ದವು. ಕುದುರೆ ಎಡವುವುದೂ ಬದಲಾಗಿರಲಿಲ್ಲ, ನೆಲ ಗಟ್ಟಿಯಾಗಿರುವುದೂ ಬದಲಾಗಿರಲಿಲ್ಲ.

ಆಕೆಯ ಹೆಸರಿನೊಂದಿಗೆ ಹೆಲ್ಮೆಟ್ ಪರವಾದ ಆಂದೋಲನವೇ ಶುರುವಾಯಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ರೇಷ್ಮೆ ಟೋಪಿ ಬಿಟ್ಟು ಹೆಲ್ಮೆಟ್ ತೊಟ್ಟು ಬಂದು ಎರಡು ಚಿನ್ನ ಗೆದ್ದಾಗ, ಹೆಲ್ಮೆಟ್ ಶೋಭಿಸದು ಎನ್ನುವವರ ಬಾಯಿ ಮುಚ್ಚಿತು. 2021ರ ಜನವರಿಯಿಂದ ಅಂತರರಾಷ್ಟ್ರೀಯ ಒಕ್ಕೂಟ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸಾಜ್ ತಂಡ ಸ್ಪರ್ಧೆಯ ಚಿನ್ನ ಗೆದ್ದ ಭಾರತದ ನಾಲ್ವರಲ್ಲಿ ಇಬ್ಬರು ಯುವತಿಯರು, ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್. ಅವರು ಸವಾರಿ ಮಾಡಿದ್ದೂ ಇದೇ ನಿಯಮದಡಿ.

ಹಾಗಾದರೆ ಜಡೆ ಏನಾಗಬೇಕು?

ಕೂದಲು ಕತ್ತರಿಸಬೇಕಾಗಿಲ್ಲ. ಸವಾರಿ ಕಲಿಸುವವರು, ಹೆಲ್ಮೆಟ್ ತಯಾರಿಸುವವರು ಹೇಳುವ ಮಾತು ಸರಳ. ತುರುಬಾಗಲಿ ಜಡೆಯಾಗಲಿ, ಗಂಟು ಹೆಕ್ಕತ್ತಿನ ಮೇಲೆ, ಹೆಲ್ಮೆಟ್ಟಿನ ಅಂಚಿಗಿಂತ ಕೆಳಗೆ ಇರಬೇಕು. ತುರುಬು ತೀರ ಮೇಲಿದ್ದರೆ ಹೆಲ್ಮೆಟ್ಟನ್ನು ಹಿಂದಿನಿಂದ ತಳ್ಳಿ ಕಣ್ಣಿನ ಮೇಲೆ ಇಳಿಸುತ್ತದೆ. ‘ಪೋನಿಟೇಲ್’ ಎಂದರೆ ಕುದುರೆಯ ಬಾಲ ನಿಜ, ಆದರೆ ಸವಾರಿಯ ಹೊತ್ತಿನಲ್ಲಿ ಆ ಬಾಲ ನೆತ್ತಿಯಿಂದ ಹೊರಡಬಾರದು. ಹೆಲ್ಮೆಟ್ಟಿನ ಕೆಳಗೆ ಕ್ಲಿಪ್ಪು, ಹೇರ್‌ಪಿನ್ನು, ಗಟ್ಟಿ ಅಲಂಕಾರ ಯಾವುದೂ ಬೇಡ. ಪೆಟ್ಟು ಬಿದ್ದಾಗ ಅಷ್ಟೂ ಒತ್ತಡ ಆ ಒಂದು ಚುಕ್ಕೆಯ ಮೂಲಕ ತಲೆಬುರುಡೆಗೆ ಇಳಿಯುತ್ತದೆ. ಕೂದಲನ್ನು ಹಾಗೇ ಹಾರಲು ಬಿಡುವುದೂ ಸಲ್ಲ, ಕೊಂಬೆಗೆ ಸಿಕ್ಕೀತು.

ಎಲ್ಲಕ್ಕಿಂತ ಮುಖ್ಯವಾದದ್ದು, ಹೆಲ್ಮೆಟ್ ಕೊಳ್ಳಲು ಹೋಗುವಾಗ ಸವಾರಿಯ ದಿನ ಹೇಗೆ ಕೂದಲು ಕಟ್ಟುತ್ತೀರೋ ಹಾಗೇ ಕಟ್ಟಿಕೊಂಡು ಹೋಗಬೇಕು. ತೊಟ್ಟ ಮೇಲೆ ಹೆಲ್ಮೆಟ್ಟನ್ನು ಕೈಯಿಂದ ಹಿಡಿದು ಅಲುಗಿಸಿದರೆ ಹಣೆಯ ಚರ್ಮವೂ ಅದರೊಡನೆ ಅಲುಗಬೇಕು. ಹೆಲ್ಮೆಟ್ ಒಂದೇ ಅಲುಗಿದರೆ ಅದು ನಿಮ್ಮ ಅಳತೆಯದಲ್ಲ. ಕೂದಲು ಕಟ್ಟುವ ಬಗೆ ಬದಲಾದರೆ ಮತ್ತೆ ಈ ಪರೀಕ್ಷೆ ಮಾಡಿ ನೋಡಬೇಕು.

ಕುದುರೆ ಏರುವವರು ನಮ್ಮಲ್ಲಿ ಎಷ್ಟು ಮಂದಿ ಎಂದು ಓದುಗರು ಕೇಳಿಯಾರು. ಕಡಿಮೆಯೇ. ಆದರೆ 2016ರ ಜನವರಿಯಲ್ಲಿ ಕರ್ನಾಟಕದಲ್ಲಿ ದ್ವಿಚಕ್ರ ವಾಹನದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದ ಮೇಲೆ, ತುರುಬು ಮತ್ತು ಹೆಲ್ಮೆಟ್ಟಿನ ಈ ಹಳೆಯ ಜಗಳ ಸ್ಕೂಟರ್ ಏರಿ ನಮ್ಮ ಬೀದಿಗೂ ಬಂದಿದೆ. ಒಳಗಿನ ಪದರ ಅದೇ, ಅದು ಕೆಲಸ ಮಾಡುವ ರೀತಿಯೂ ಅದೇ. ಮದುವೆ ಮನೆಗೆ ಹೊರಟ ಹೆಣ್ಣುಮಗಳ ದೊಡ್ಡ ತುರುಬು, ಅದಕ್ಕೆ ಸಿಕ್ಕಿಸಿದ ಹತ್ತಾರು ಪಿನ್ನು, ಮೇಲೆ ಮಲ್ಲಿಗೆ ದಂಡೆ, ಅದರ ಮೇಲೆ ಗಲ್ಲದ ಪಟ್ಟಿ ಹಾಕದೆ ಹಾಗೇ ಇಟ್ಟುಕೊಂಡ ಹೆಲ್ಮೆಟ್. ಇಂಥ ದೃಶ್ಯ ನೋಡಲು ದೂರ ಹೋಗಬೇಕಿಲ್ಲ. ಇದೂ ಎಲಿಜಬೆತ್ ಕಾಲದ ಟೋಪಿಯೇ. ಪೊಲೀಸರೆದುರು ಮರ್ಯಾದೆ ಉಳಿಸುತ್ತದೆ, ತಲೆಯನ್ನಲ್ಲ.

ಜಡೆಯನ್ನು ಸಡಿಲವಾಗಿ ಹೆಣೆದು ಹೆಕ್ಕತ್ತಿಗೆ ಇಳಿಸಿ, ಪಟ್ಟಿ ಬಿಗಿದು ಹೋಗಿ, ಮಲ್ಲಿಗೆಯನ್ನು ಚೀಲದಲ್ಲಿಟ್ಟುಕೊಂಡು ಛತ್ರದ ಬಾಗಿಲಲ್ಲಿ ಮುಡಿಯಬಹುದು. ಐದು ನಿಮಿಷ ತಡವಾದೀತು. ಕೂದಲಿಗಾಗಿ ದಿನಕ್ಕೆ ಮೂರು ಗಂಟೆ ಕೊಟ್ಟ ಮಹಾರಾಣಿಗೆ ಹೋಲಿಸಿದರೆ, ತಲೆಗಾಗಿ ಐದು ನಿಮಿಷ ಹೆಚ್ಚೇನಲ್ಲ.