ಅಪ್ಪ-ಅವ್ವನ ಮಾತು, ಮಕ್ಕಳ ಬಾಯಿ

ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಅಪ್ಪ-ಅವ್ವ ಒಬ್ಬರಿಗೊಬ್ಬರು ಹೇಗೆ ಮಾತಾಡ್ತಾರೋ ಮಕ್ಕಳೂ ಹಾಗೇ ಕಲೀತಾರೆ ಅಂತಾರೆ. ನಿಜ. ಆದರೆ ಅಮೆರಿಕದ ಕಪ್ಪು ಹುಡುಗ ಬಾಯಿ ಬಿಡಲ್ಲ, ಹುಡುಗಿ ಬಲು ಜೋರು ಅಂತ ತಪ್ಪನ್ನ ಹೆತ್ತವರ ತಲೆಗೆ ಕಟ್ಟೋರಿಗೆ ನನ್ನದೊಂದು ಪ್ರಶ್ನೆ: ಅವರ ಹಿರಿಯರನ್ನ ಗಂಡ-ಹೆಂಡತಿಯಾಗಿ ಕೂತು ಮಾತಾಡೋಕೆ ಯಾರು ಬಿಟ್ಟಿದ್ರು?

ಗುಲಾಮಗಿರಿಯಲ್ಲಿ ಅವರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ. ಎಷ್ಟೋ ಕಡೆ ಗಂಡ ಒಬ್ಬ ಧಣಿಯ ತೋಟದಲ್ಲಿ, ಹೆಂಡತಿ ಇನ್ನೊಬ್ಬನ ತೋಟದಲ್ಲಿ. ಧಣಿ ಚೀಟಿ ಬರೆದುಕೊಟ್ಟರೆ ಭೇಟಿ. ಧಣಿಗೆ ಸಾಲವಾದರೆ ಇವರ ಮಾರಾಟ. ಫ್ರೆಡರಿಕ್ ಡಗ್ಲಾಸ್ ತಾಯಿಯನ್ನು ಕಂಡದ್ದು ನಾಲ್ಕೈದು ಸಲ, ಅದೂ ರಾತ್ರಿ. ಆಕೆ ಹೊಲದಲ್ಲಿ ದುಡಿದು, 12 ಮೈಲಿ ನಡೆದು ಬಂದು, ಮಗನ ಪಕ್ಕ ಮಲಗಿ, ಅವನು ಏಳೋ ಮೊದಲೇ ಹೊರಟುಬಿಡ್ತಿದ್ರು. ನಮ್ಮಿಬ್ಬರ ನಡುವೆ ಮಾತುಕತೆ ಆದದ್ದೇ ಕಡಿಮೆ ಅಂತ ಡಗ್ಲಾಸ್ 1845ರ ಆತ್ಮಕಥೆಯಲ್ಲಿ ಹೇಳಿದ್ದಾರೆ.

1865ರಲ್ಲಿ ಗುಲಾಮಗಿರಿ ರದ್ದಾಯ್ತು. ಬಿಡುಗಡೆಯಾದವರು ಮಾರಾಟವಾಗಿ ಹೋದ ಗಂಡ, ಹೆಂಡತಿ, ಮಕ್ಕಳನ್ನು ಹುಡುಕಿ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟರು. ದಶಕಗಟ್ಟಲೆ ಕೊಟ್ಟರು. ಸಂಬಂಧದ ಬೆಲೆ ಗೊತ್ತಿಲ್ಲದ ಜನ ಹೀಗೆ ಹುಡುಕ್ತಾರಾ?

ಆದರೂ 1965ರಲ್ಲಿ ಮೊಯ್ನಿಹಾನ್ ಸರ್ಕಾರಿ ವರದಿಯಲ್ಲಿ ಕಪ್ಪು ಕುಟುಂಬಕ್ಕೇ ರೋಗ ಹಿಡಿದಿದೆ ಎಂಬಂತೆ ಬರೆದರು. ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ 1976ರಲ್ಲಿ ದಾಖಲೆ ತೆಗೆದು ತೋರಿಸಿದರು: ಗುಲಾಮಗಿರಿ ಹೋದ ನಂತರದ ದಶಕಗಳಲ್ಲಿ ಬಹುಪಾಲು ಕಪ್ಪು ಮನೆಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಇದ್ದರು.

ಆ ಮನೆಗಳಲ್ಲಿ ಪ್ರೀತಿ ಇತ್ತು, ಜೊತೆಗೆ ಭಯವೂ ಇತ್ತು. 1955ರಲ್ಲಿ 14 ವರ್ಷದ ಎಮೆಟ್ ಟಿಲ್ ಚಿಕಾಗೋದಿಂದ ಮಿಸ್ಸಿಸ್ಸಿಪ್ಪಿಗೆ ಹೊರಟಾಗ, ಬಿಳಿಯರ ಮುಂದೆ ಹೇಗಿರಬೇಕು ಅಂತ ತಾಯಿ ಹೇಳಿಯೇ ಕಳಿಸಿದ್ರು. ಆದರೂ ಕೊಂದರು. ಪೊಲೀಸರು ತಡೆದರೆ ಹೇಗೆ ಮಾತಾಡಬೇಕು ಅಂತ ಕಪ್ಪು ಹೆತ್ತವರು ಇವತ್ತಿಗೂ ಮಕ್ಕಳನ್ನ ಕೂರಿಸಿ ಹೇಳ್ತಾರೆ.

ಇದನ್ನೆಲ್ಲ ಓದುವಾಗ ನಮ್ಮಪ್ಪ ನೆನಪಾದ. ಧಣಿ ಮುಂದೆ ತಲೆ ಎತ್ತದವನು ಮನೆಗೆ ಬಂದು ಅವ್ವನ ಮೇಲೆ ಕೂಗಾಡ್ತಿದ್ದ. ನಾನೂ ಆಫೀಸಲ್ಲಿ ದಿನವಿಡೀ 'ಹ್ಞೂಂ ಸಾರ್' ಅಂದು, ಮನೇಲಿ ಹೆಂಡತಿ ಮೇಲೆ ದನಿ ಏರಿಸ್ತೀನಿ. ಮಗಳು ನೋಡ್ತಾ ಇರ್ತಾಳೆ. ಅಪ್ಪನ ಸಿಟ್ಟು ಎಲ್ಲಿಂದ ಬಂತು ಅಂತ ಈಗ ಗೊತ್ತು. ಗೊತ್ತಾದ ಮೇಲೂ ಅದನ್ನ ಮಗಳಿಗೆ ದಾಟಿಸಿದ್ರೆ ಆ ತಪ್ಪು ಧಣಿಯದ್ದಲ್ಲ, ನಂದು.

ನಿಮ್ಮ ಮನೇಲಿ ಅಪ್ಪ-ಅವ್ವ ಹೆಂಗೆ ಮಾತಾಡ್ತಿದ್ರು? ಬರೀರಿ.