ನರ್ಸಮ್ಮನ ಲೆಡ್ಜರ್‌ನಲ್ಲಿ ಸಿಕ್ಕ ಕೆಮ್ಮು

ಬಿ.ಕಾಂ ಓದಿದ ನನಗೆ ಲೆಡ್ಜರ್ ಅಂದ್ರೆ ಡೆಬಿಟ್ಟು, ಕ್ರೆಡಿಟ್ಟು ಅಷ್ಟೇ. ಇವತ್ತಿನ ಕಥೆಯ ಲೆಡ್ಜರ್‌ನಲ್ಲಿ ಇರೋದು ಕೂಸುಗಳ ತೂಕ ಮತ್ತು ಕಾಯಿಲೆ.

1911, ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್. ಅಲ್ಲಿನ ಹೆಲ್ತ್ ವಿಸಿಟರ್‌ಗಳ ಮುಖ್ಯಸ್ಥೆ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್. ಅವರ ವ್ಯವಸ್ಥೆ ಹೀಗಿತ್ತು: ಮಗು ಹುಟ್ಟಿದಾಗ ಸೂಲಗಿತ್ತಿ ತೂಕ ಬರೀಬೇಕು. ಆಮೇಲೆ ವರ್ಷ ತುಂಬೋವರೆಗೆ ನರ್ಸ್ ಮನೆಗೇ ಹೋಗಿ ನೋಡಬೇಕು. ಎದೆಹಾಲೋ ಬಾಟಲಿಯೋ, ಏನು ಕಾಯಿಲೆ ಬಂತು, ಎಲ್ಲ ಲೆಡ್ಜರ್‌ಗೆ. ಆಗ ಪೆನಿಸಿಲಿನ್ ಇಲ್ಲ. ನ್ಯುಮೋನಿಯಾ ಬಂದ ಕೂಸು ಬದುಕಿದ್ರೆ ಸಾಕಿತ್ತು.

1980ರ ದಶಕದಲ್ಲಿ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ತಂಡಕ್ಕೆ ಈ ಪುಸ್ತಕಗಳು ಸಿಕ್ಕವು. ಅಷ್ಟೊತ್ತಿಗೆ ಆ ಕೂಸುಗಳು ಅರವತ್ತರ ಆಸುಪಾಸಿನ ಅಜ್ಜಂದಿರು. ಅವರನ್ನ ಹುಡುಕಿ, ಯಂತ್ರಕ್ಕೆ ಜೋರಾಗಿ ಊದಿಸಿ, ಮೊದಲ ಸೆಕೆಂಡಲ್ಲಿ ಎಷ್ಟು ಗಾಳಿ ಹೊರಬರುತ್ತೆ ಅಂತ ಅಳೆದರು. 1991ರಲ್ಲಿ ಫಲಿತಾಂಶ ಪ್ರಕಟವಾಯ್ತು. ಮೊದಲ ವರ್ಷದಲ್ಲಿ ಬ್ರಾಂಕೈಟಿಸ್ ಅಥವಾ ನ್ಯುಮೋನಿಯಾ ಆಗಿದ್ದವರಲ್ಲಿ ಸರಾಸರಿ 0.17 ಲೀಟರ್ ಕಮ್ಮಿ. ಅಂದ್ರೆ ಒಂದು ಚಿಕ್ಕ ಜ್ಯೂಸ್ ಪ್ಯಾಕಿನಷ್ಟು ಗಾಳಿ. ಸಿಗರೇಟಿನ ಲೆಕ್ಕ ಬೇರೆ ತೆಗೆದಿಟ್ಟು ನೋಡಿದ್ರೂ!

ಈ ಕೊನೇ ಮಾತು ನನಗೆ ತಾಗಿತು. ನಮ್ಮಜ್ಜ ಬೀಡಿ ಮುಟ್ಟಿದವರಲ್ಲ. ಆದ್ರೂ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಹೋದ ಕಡೆಯೆಲ್ಲ ಮೊದಲ ಪ್ರಶ್ನೆ, "ಎಷ್ಟು ಸೇದ್ತಿದ್ರಿ?" ಇಲ್ಲ ಅಂದ್ರೆ ನಂಬದ ನಗು. ಚಿಕ್ಕಂದಿನಲ್ಲಿ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ.

ಇಲ್ಲೊಂದು ತಕರಾರೂ ಇದೆ. ಕಾಯಿಲೆಯಿಂದ ಶ್ವಾಸಕೋಶ ಕೆಟ್ಟಿತಾ, ಮೊದಲೇ ದುರ್ಬಲವಿತ್ತು ಅಂತ ಕಾಯಿಲೆ ಬಂತಾ? 1988ರಲ್ಲೇ ಅಮೆರಿಕದ ಟೂಸಾನ್‌ನಲ್ಲಿ, ಕಾಯಿಲೆಗೆ ಮೊದಲೇ ಶ್ವಾಸಕೋಶದ ಶಕ್ತಿ ಕಮ್ಮಿ ಇದ್ದ ಕೂಸುಗಳಿಗೇ ಉಬ್ಬಸ ಹೆಚ್ಚು ಅಂತ ಕಂಡಿತ್ತು. ಬಹುಶಃ ಎರಡೂ ನಿಜ. ಬ್ರಿಟನ್ನಿನಲ್ಲಿ 1946ರ ಮಾರ್ಚ್‌ನ ಒಂದೇ ವಾರದಲ್ಲಿ ಹುಟ್ಟಿದವರನ್ನ ಜೀವಮಾನವಿಡೀ ಹಿಂಬಾಲಿಸಿದ ಅಧ್ಯಯನ 2023ರಲ್ಲಿ ಬಂತು. ಎರಡು ವರ್ಷದೊಳಗೆ ಎದೆಯ ಸೋಂಕಾದವರು ಉಸಿರಿನ ಕಾಯಿಲೆಯಿಂದ ಅಕಾಲದಲ್ಲಿ ಸಾಯೋ ಸಾಧ್ಯತೆ ಸುಮಾರು ಎರಡು ಪಟ್ಟು. ಗಾಬರಿ ಬೇಡ, ನೂರಕ್ಕೆ ಒಬ್ಬರ ಬದಲು ಇಬ್ಬರು.

ಬಾರ್ಕರ್ ತಂಡ ನಮ್ಮ ಮೈಸೂರಿಗೂ ಬಂದಿತ್ತು, ಗೊತ್ತಾ? ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಕಮ್ಮಿ ತೂಕದಲ್ಲಿ ಹುಟ್ಟಿದವರು ದೊಡ್ಡವರಾದ ಮೇಲೆ ಊದೋ ಶಕ್ತಿಯೂ ಕಮ್ಮಿ ಅಂತ 1997ರಲ್ಲಿ ತಿಳೀತು. ಆದರೆ ಅದು ಹೆರಿಗೆಯ ದಾಖಲೆ. ಮನೆಗೆ ಹೋದ ಮೇಲೆ ಬಂದ ಕೆಮ್ಮು ಅದರಲ್ಲಿಲ್ಲ.

ನಮ್ಮಜ್ಜ ಹುಟ್ಟಿದ್ದಂತೂ ಹಟ್ಟಿಯ ಪಕ್ಕದ ಕೋಣೇಲಿ. ಅವರ ಹುಟ್ಟಿದ ತಾರೀಕನ್ನೇ ಸ್ಕೂಲಿನ ಮೇಷ್ಟ್ರು ಅಂದಾಜಲ್ಲಿ ಬರೆದಿದ್ದು.